ಕಾಲಂ ಇಲ್ಲದ ಕಾಯಿಲೆ

ಓದುಗರ ಪ್ರಶ್ನೆ, ನರ್ಸಕ್ಕನ ಉತ್ತರ
ಉತ್ತರಿಸುವವರು: ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಿವೃತ್ತ ಆರೋಗ್ಯ ಕಾರ್ಯಕರ್ತೆ

ಪ್ರಶ್ನೆ: ನರ್ಸಕ್ಕಾ, ನನ್ನ ಅಣ್ಣನಿಗೆ 27 ವರ್ಷ. ಹುಟ್ಟಿದಂದಿನಿಂದ ಮಲಗಿದಲ್ಲೇ. ಗೇರುತೋಟಕ್ಕೆ ಬಿಟ್ಟ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದೆ. 2022ರಲ್ಲಿ ಐದು ಲಕ್ಷ ಪರಿಹಾರ ಬಂತು. ಈಗ ಔಷಧಿ, ಫಿಸಿಯೋಥೆರಪಿ ಅಂತ ಕೇಳಲು ಹೋದರೆ "ಐದು ಲಕ್ಷ ಸಿಕ್ಕಿತಲ್ಲ, ಸರಕಾರ ಇನ್ನೆಷ್ಟು ಮಾಡಬೇಕು?" ಅನ್ನುತ್ತಾರೆ. ಕೇಳಿ ಕೇಳಿ ಅಪ್ಪನಿಗೂ ಹಾಗೇ ಅನಿಸಿಬಿಟ್ಟಿದೆ. ಸರಕಾರದ ಜವಾಬ್ದಾರಿ ಅಲ್ಲಿಗೆ ಮುಗಿಯಿತಾ?
– ಕಾಲೇಜು ವಿದ್ಯಾರ್ಥಿನಿ, ಪೆರ್ಲ

ಉತ್ತರ: ಇಲ್ಲ ಮಗಳೇ, ಮುಗಿದಿಲ್ಲ. ಇದನ್ನು ನಿನ್ನ ಅಪ್ಪನ ಹತ್ತಿರ ಕೂತು ಓದಿ ಹೇಳು.

ಆ ಐದು ಲಕ್ಷ ಹೇಗೆ ಬಂತು ಅನ್ನುವುದೇ ದೊಡ್ಡ ಕತೆ. ತೀರಿಕೊಂಡವರ ಮನೆಯವರಿಗೂ ಪೂರ್ತಿ ಹಾಸಿಗೆ ಹಿಡಿದವರಿಗೂ 5 ಲಕ್ಷ ಕೊಡಿ, ಬೇರೆ ಅಂಗವೈಕಲ್ಯ ಇದ್ದವರಿಗೆ 3 ಲಕ್ಷ ಕೊಡಿ ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹೇಳಿದ್ದು 2010ರ ಡಿಸೆಂಬರಿನಲ್ಲಿ. 2017ರ ಜನವರಿ 10ಕ್ಕೆ ಸುಪ್ರೀಂ ಕೋರ್ಟು ಮೂರು ತಿಂಗಳ ಗಡು ಹಾಕಿತು. ಗಡು ಮುಗಿದು ಐದು ವರ್ಷ ಆಯಿತು. 2022ರ ಮೇ ತಿಂಗಳಲ್ಲಿ ಕೋರ್ಟು ನೋಡುವಾಗ 3,700ಕ್ಕೂ ಜಾಸ್ತಿ ಸಂತ್ರಸ್ತರಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ. ಎಂಟು ಸಾವಿರ ಅಲ್ಲ, ಎಂಟು. ಅದೂ ನ್ಯಾಯಾಂಗ ನಿಂದನೆ ಅರ್ಜಿ ಹಾಕಿದವರಿಗೆ ಮಾತ್ರ. ಕೋರ್ಟು ಸಿಟ್ಟಾಗಿ ಆ ಎಂಟು ಮಂದಿಗೆ ತಲಾ 50,000 ಖರ್ಚು ಬೇರೆ ಕೊಡಿಸಿತು. ಆಮೇಲಷ್ಟೇ ನಿಮ್ಮಂಥ ಮನೆಗಳಿಗೆ ಹಣ ಬಂದದ್ದು. ಇದನ್ನು "ಸರಕಾರ ಮಾಡಿದ್ದು" ಅನ್ನುವವರಿಗೆ ಏನು ಹೇಳುವುದು?

2017ರ ಅದೇ ಆದೇಶದಲ್ಲಿ, ಜೀವಮಾನವಿಡೀ ಚಿಕಿತ್ಸೆ ಬೇಕಾದವರಿಗೆ ವ್ಯವಸ್ಥೆ ಮಾಡುವ ವಿಚಾರ ನೋಡಿ ಅಂತಲೂ ಇದೆ. 2022ರಲ್ಲಿ ಮುಖ್ಯ ಕಾರ್ಯದರ್ಶಿಯೇ ತಿಂಗಳಿಗೊಂದು ಸಭೆ ಮಾಡಬೇಕು, ವೈದ್ಯಕೀಯ ಸೌಲಭ್ಯ, ಉಪಶಮನ ಆರೈಕೆ ಎರಡನ್ನೂ ನೋಡಬೇಕು ಅಂತ ಅದೇ ಕೋರ್ಟು ಹೇಳಿತು. ಅಂದರೆ ಹಣ ಒಂದು ಲೆಕ್ಕ, ಚಿಕಿತ್ಸೆ ಇನ್ನೊಂದು ಲೆಕ್ಕ. ಒಂದು ಕೊಟ್ಟೆವು ಅಂತ ಇನ್ನೊಂದನ್ನು ಅಳಿಸುವ ಹಾಗಿಲ್ಲ.

ಈಗ ನನ್ನದೊಂದು ಸಂಗತಿ. ನಾನು ಕೆಲಸಕ್ಕೆ ಸೇರಿದ್ದು 1992ರಲ್ಲಿ, ಗೇರುತೋಟದ ಬದಿಯ ಒಂದು ಸಬ್ ಸೆಂಟರಿಗೆ. ಹೆಗಲಿಗೆ ಬಟ್ಟೆ ಚೀಲ, ಚೀಲದಲ್ಲಿ ಉದ್ದದ ರಿಜಿಸ್ಟರ್. ಮನೆಮನೆಗೆ ಹೋಗಿ ತುಂಬಿಸಬೇಕು. ಜ್ವರಕ್ಕೊಂದು ಕಾಲಂ, ಭೇದಿಗೊಂದು, ಚುಚ್ಚುಮದ್ದಿಗೊಂದು, ಬಸುರಿ ಬಾಣಂತಿಯರಿಗೊಂದು. ಒಂದೇ ಗುಡ್ಡೆಯ ಇಳಿಜಾರಿನಲ್ಲಿ ನಾಲ್ಕು ಮನೆ. ಒಂದರಲ್ಲಿ ತಲೆ ದೊಡ್ಡದಾಗುತ್ತಾ ಹೋದ ಮಗು. ಪಕ್ಕದ ಮನೆಯಲ್ಲಿ ಆರು ವರ್ಷವಾದರೂ ಕುತ್ತಿಗೆ ನಿಲ್ಲದ ಹುಡುಗಿ. ಕೆಳಗಿನ ಮನೆಯ ಹೆಂಗಸಿಗೆ ಮೂರು ಸಲ ಗರ್ಭ ನಿಂತು ಹೋಗಿತ್ತು. ನಾಲ್ಕನೇ ಮನೆಯ ಹಿರಿಯ ಮಗನಿಗೆ ದಿನಕ್ಕೆರಡು ಸಲ ಅಪಸ್ಮಾರ. ಇವರನ್ನೆಲ್ಲ ಯಾವ ಕಾಲಂಗೆ ಹಾಕುವುದು? ನಾನು ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದೆ. ತಿಂಗಳ ಮೀಟಿಂಗಿನಲ್ಲಿ ಮೇಲಿನವರು ರಿಜಿಸ್ಟರ್ ತಿರುವಿ ಹಾಕಿ, "ಕಾಲಂ ಇಲ್ಲದ್ದನ್ನು ಬರೆಯಬೇಡಿ, ಟೋಟಲ್ ತಾಳೆಯಾಗುವುದಿಲ್ಲ" ಎಂದರು. ರಬ್ಬರು ಕೊಟ್ಟು ನನ್ನ ಕೈಯಲ್ಲೇ ಉಜ್ಜಿಸಿದರು.

ಉಜ್ಜಿದೆ. ಹೊಸ ಕೆಲಸ, ಹೆದರಿಕೆ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಆ ದಿನಗಳಲ್ಲಿ ಹೆಲಿಕಾಪ್ಟರ್ ಬರುತ್ತಿತ್ತು. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ವರ್ಷಕ್ಕೆ ಎರಡು ಮೂರು ಸಲ ಗೇರುಮರಗಳಿಗೆ ಮೇಲಿಂದ ಮದ್ದು ಬಿಟ್ಟರು, ಟೀ ಸೊಳ್ಳೆ ಅನ್ನುವ ಗೇರಿನ ಕೀಟದ ಕಾಟಕ್ಕೆ ಅಂತ. ಬಾವಿ ಮುಚ್ಚಿಕೊಳ್ಳಿ ಅಂತ ಹೇಳಿ ಹೋಗುತ್ತಿದ್ದರು. ಬಾವಿಗೆ ತೆಂಗಿನ ಮಡಲು ಮುಚ್ಚಬಹುದು. ಹರಿಯುವ ತೋಡಿಗೆ ಏನು ಮುಚ್ಚುವುದು? ನಮ್ಮಲ್ಲಿ ಅರ್ಧ ಮನೆಗಳಿಗೆ ಸುರಂಗದ ನೀರು. ಗುಡ್ಡೆಯ ಹೊಟ್ಟೆಯಿಂದ ಹರಿದು ಅಂಗಳದ ತೆರೆದ ಕೆರೆಗೆ ಬೀಳುವ ನೀರು. ಒಬ್ಬರು ಅಜ್ಜಿ ಕೆರೆಯ ಮೇಲೆ ಮಡಲು ಹಾಸಿ, ಸಾಲದ್ದಕ್ಕೆ ತಮ್ಮ ಎರಡು ಸೀರೆ ಹರಡಿ, ಹಾರದ ಹಾಗೆ ನಾಲ್ಕು ಮೂಲೆಗೆ ಕಲ್ಲಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮರುದಿನ ಅದೇ ಸೀರೆಯನ್ನು ತೋಡಿನಲ್ಲಿ ಒಗೆದರು.

1971ರ ಕೀಟನಾಶಕ ನಿಯಮಗಳಲ್ಲಿ 43ನೆಯದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಮೇಲಿಂದ ಮದ್ದು ಬಿಡುವ ಮೊದಲು ಕನಿಷ್ಠ 24 ಗಂಟೆ ಮುಂಚೆ ಊರಿಗೆ ತಿಳಿಸಬೇಕು. ಬಿಡುವ ಜಾಗ ಗುರುತು ಹಾಕಬೇಕು. ಸಂಬಂಧ ಇಲ್ಲದ ಜನ, ಜಾನುವಾರು ಇಂತಿಷ್ಟು ಸಮಯ ಒಳಗೆ ಹೋಗದಂತೆ ತಡೆಯಬೇಕು. ತೋಟದ ನಡುವೆಯೇ ಮನೆ, ಶಾಲೆಗೆ ಹೋಗುವ ದಾರಿಯೂ ಅದರ ನಡುವೆಯೇ. ಯಾರನ್ನು ತಡೆಯುವುದು, ಎಲ್ಲಿ ತಡೆಯುವುದು?

ನನ್ನ ಮಾತಿಷ್ಟೇ. ತೋಟ ಸರಕಾರದ ನಿಗಮದ್ದು. ಮದ್ದಿಗೆ ಪರವಾನಗಿ ಸರಕಾರದ್ದು. ಕಾಯಿಲೆಯನ್ನು ಎಣಿಸಬೇಕಾದ ನಾನೂ ಸರಕಾರದ ನೌಕರಳೇ. ಮೂರೂ ಒಂದೇ ಮನೆಯವರು. ಹಾಗಿರುವಾಗ ನಿನ್ನ ಅಣ್ಣನಿಗೆ ಸಿಗುವುದನ್ನು "ಸಹಾಯ" ಅಂತ ಕರೆದರೆ ನನಗೆ ಮೈ ಉರಿಯುತ್ತದೆ. ಪಕ್ಕದವನ ಬೇಲಿ ಮುರಿದವನು ಬೇಲಿ ಕಟ್ಟಿಕೊಟ್ಟರೆ ಅದಕ್ಕೆ ಸಹಾಯ ಅನ್ನುತ್ತೇವಾ?

"ಎಂಡೋಸಲ್ಫಾನೇ ಕಾರಣ ಅಂತ ಪೂರ್ತಿ ಸಾಬೀತಾಗಿಲ್ಲ" ಅನ್ನುವವರು ಇದ್ದಾರೆ. ಒಂದೊಂದು ಮಗುವಿನ ಒಂದೊಂದು ಕಾಯಿಲೆಗೆ ಇದೇ ಕಾರಣ ಅಂತ ಬೆರಳಿಟ್ಟು ತೋರಿಸುವುದು ಕಷ್ಟ, ಒಪ್ಪುತ್ತೇನೆ. ಎಣಿಸಬೇಕಾದಾಗ ಎಣಿಸಲಿಲ್ಲವಲ್ಲ, ರಬ್ಬರು ಹಾಕಿ ಉಜ್ಜಿದೆವಲ್ಲ! ಆದರೆ ಸರಕಾರದ ಕರ್ತವ್ಯ ಶುರುವಾಗಲು ಕೊನೆಯ ಸಾಕ್ಷಿ ತನಕ ಕಾಯಬೇಕಾಗಿಲ್ಲ. ತಮಿಳುನಾಡಿನ ವೆಲ್ಲೂರಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಕೇಸಿನಲ್ಲಿ 1996ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ: ಅಪಾಯ ಕಂಡಾಗ ಪೂರ್ತಿ ವೈಜ್ಞಾನಿಕ ಖಾತ್ರಿ ಇಲ್ಲ ಅಂತ ಕೈಕಟ್ಟಿ ಕೂರಬಾರದು, ತೊಂದರೆ ಇಲ್ಲ ಅಂತ ತೋರಿಸುವ ಹೊಣೆ ಕೆಲಸ ಮಾಡುವವನದ್ದು. ಅದೇ ವರ್ಷ ಪಶ್ಚಿಮ ಬಂಗಾಳದ ಕೇಸಿನಲ್ಲಿ, ಸರಕಾರಿ ಆಸ್ಪತ್ರೆ ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಕೊಡದಿದ್ದರೆ ಅದು ಬದುಕುವ ಹಕ್ಕಿಗೇ ಧಕ್ಕೆ, ದುಡ್ಡಿಲ್ಲ ಅಂತ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತಲೂ ಹೇಳಿದೆ.

ನೀನು ಮಾಡಬೇಕಾದ್ದು: ಅಣ್ಣನಿಗೆ ತಿಂಗಳಿಗೆ ಏನೇನು ಬೇಕು ಅಂತ ಒಂದು ಹಾಳೆಯಲ್ಲಿ ಬರೆ. ಔಷಧಿಯ ಹೆಸರು, ಎಷ್ಟು, ಬೆಲೆ, ಡಾಕ್ಟರರ ಚೀಟಿಯ ಪ್ರತಿ. ಕಲೆಕ್ಟರರಿಗೆ ಅರ್ಜಿ. ಎರಡು ಪ್ರತಿ ಒಯ್ಯಿ, ಒಂದಕ್ಕೆ ಸೀಲು, ತಾರೀಕು ಹಾಕಿಸಿಕೋ. ಬಾಯಲ್ಲಿ "ಆಯ್ತಮ್ಮ ನೋಡುತ್ತೇವೆ" ಅಂದರೆ ನಗುಮುಖದಲ್ಲೇ "ಅದನ್ನೇ ಬರೆದು ಕೊಡಿ ಸಾರ್" ಅನ್ನು. ಉತ್ತರ ಬಾರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕು, 30 ದಿನದೊಳಗೆ ಹೇಳಲೇಬೇಕು. ಅದಕ್ಕೂ ಜಗ್ಗದಿದ್ದರೆ ವಿದ್ಯಾನಗರದ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೂ ಅಂಗವಿಕಲರಿಗೂ ವಕೀಲರು ಉಚಿತ, ವರಮಾನ ಎಷ್ಟು ಅಂತ ಕೇಳುವ ಹಾಗಿಲ್ಲ. ನಿನ್ನ ಅಮ್ಮನ ಹೆಸರಲ್ಲಿ ಹೋಗು.

ಪ್ರಶ್ನೆ: ಪಂಚಾಯತಿಗೆ ಕನ್ನಡದಲ್ಲಿ ದೂರು ಕೊಟ್ಟೆ, ತೋಡಿಗೆ ಕೋಳಿ ಅಂಗಡಿಯ ಕಸ ಹಾಕುವ ಬಗ್ಗೆ. ಉತ್ತರ ಮಲಯಾಳದಲ್ಲಿ ಬಂತು. ಮೊಮ್ಮಗನಿಂದ ಓದಿಸಿಕೊಂಡೆ. ನಾಳೆಯಿಂದ ಮಲಯಾಳದಲ್ಲೇ ಬರೆಯಬೇಕಾ?
– ನಿವೃತ್ತ ಅಧ್ಯಾಪಕ, ಮಂಜೇಶ್ವರ

ಉತ್ತರ: ಬೇಡ ಮಾಸ್ಟ್ರೇ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ನಮ್ಮ ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆ ಉತ್ತರವನ್ನು ಲಗತ್ತಿಸಿ, "ಕನ್ನಡದಲ್ಲಿ ಕೊಡಿ" ಅಂತ ಒಂದು ಸಾಲು ಬರೆದು ವಾಪಸು ಕಳಿಸಿ. ಮಲಯಾಳ ಕಲಿಯುವುದು ಬೇರೆ ಮಾತು, ನಾನೂ ಕಲಿತಿದ್ದೇನೆ, ಒಳ್ಳೆಯ ಭಾಷೆ. ಆದರೆ ನೀರು ಕುಡಿಯಬೇಡಿ ಅನ್ನುವ ನೋಟೀಸು ಓದಲು ಮೊಮ್ಮಗ ಶಾಲೆಯಿಂದ ಬರುವ ತನಕ ಕಾಯುವ ಹಾಗಾಗಬಾರದು, ಅಲ್ವಾ? ಅಂದ ಹಾಗೆ ಕೋಳಿ ಕಸದ ಫೋಟೋ ತೆಗೆದಿಟ್ಟುಕೊಳ್ಳಿ, ಅಂಗಡಿಯವರು ಮಳೆ ಬಂದ ರಾತ್ರಿಯೇ ಹಾಕುತ್ತಾರೆ. ಬೆಳಗ್ಗೆ ಏನೂ ಉಳಿದಿರುವುದಿಲ್ಲ.

ಪ್ರಶ್ನೆ: ಮಿಂಚಿನಪದವಿನ ಗೇರುತೋಟದಲ್ಲಿ ಬಾವಿಗೆ ಎಂಡೋಸಲ್ಫಾನ್ ಹಾಕಿ ಮುಚ್ಚಿದ್ದಾರೆ ಅಂತ ಸುದ್ದಿ ಓದಿದಾಗಿನಿಂದ ಹೆದರಿಕೆ. ನಮ್ಮ ಬಾವಿಯ ನೀರು ಟೆಸ್ಟ್ ಮಾಡಿಸಿದೆ, "ಸರಿ ಇದೆ" ಅಂತ ಬಂತು. ನಂಬಬಹುದಾ?
– ಗೃಹಿಣಿ, ಬೆಳ್ಳೂರು

ಉತ್ತರ: ಏನು ಟೆಸ್ಟ್ ಮಾಡಿದ್ದಾರೆ ಅಂತ ರಿಪೋರ್ಟಿನಲ್ಲಿ ನೋಡಿ ತಂಗಿ. ಸಾಮಾನ್ಯ ಟೆಸ್ಟಿನಲ್ಲಿ ನೋಡುವುದು ಪಿಎಚ್, ಕಬ್ಬಿಣ, ಗಡಸುತನ, ಕೋಲಿಫಾರ್ಮ್ ಅನ್ನುವ ರೋಗಾಣು. ಕೀಟನಾಶಕದ ಟೆಸ್ಟ್ ಬೇರೆಯೇ. ಅದಕ್ಕೆ ದೊಡ್ಡ ಯಂತ್ರ ಬೇಕು, ಎಲ್ಲಾ ಲ್ಯಾಬಿನಲ್ಲೂ ಇರುವುದಿಲ್ಲ. ಹಾಗಾಗಿ "ಸರಿ ಇದೆ" ಅಂದರೆ ನೋಡಿದ್ದು ಸರಿ ಇದೆ ಅಂತ ಅರ್ಥ. ನೋಡದ್ದರ ಬಗ್ಗೆ ಅದು ಏನೂ ಹೇಳುವುದಿಲ್ಲ.

ಎಂಡೋಸಲ್ಫಾನ್ ನೀರಿನಲ್ಲಿ ಜಾಸ್ತಿ ಕರಗುವ ವಸ್ತು ಅಲ್ಲ. ಮಣ್ಣಿಗೆ, ಕೆಸರಿಗೆ ಅಂಟಿಕೊಳ್ಳುತ್ತದೆ. ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ, ಅದು ಇನ್ನೂ ಹೆಚ್ಚು ದಿನ ಉಳಿಯುತ್ತದೆ. ಮದ್ದು ಬಿಟ್ಟು ಇಪ್ಪತ್ತೈದು ವರ್ಷ ಕಳೆದ ಕಾರಣ ಮೇಲ್ಮಣ್ಣಿನಲ್ಲಿ ಮೊದಲಿನಷ್ಟು ಇರಲಾರದು. ಆದರೆ ಹುಗಿದಿಟ್ಟದ್ದರ ಲೆಕ್ಕ ಬೇರೆ. ಮಿಂಚಿನಪದವಿನ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಪರೀಕ್ಷೆಗೆ ಸ್ಯಾಂಪಲ್ ಒಯ್ದಿದ್ದಾರೆ. ನಿಮ್ಮ ಬಾವಿ ಆ ಗುಡ್ಡೆಯ ಕೆಳಗಿದ್ದರೆ ನಿಮ್ಮ ಕೈಯಿಂದ ದುಡ್ಡು ಹಾಕಿ ಟೆಸ್ಟ್ ಮಾಡಿಸಲು ಹೋಗಬೇಡಿ. ನಮ್ಮ ಬಾವಿಯನ್ನೂ ಸೇರಿಸಿ ಅಂತ ಮಂಡಳಿಗೆ ಬರೆಯಿರಿ. ಗ್ರಾಮಸಭೆಯಲ್ಲಿ ಹೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದಾದ ಮೇಲೆ ಇಣುಕಿ ನೋಡಿ. ನಾನು ಹೇಳಿದ್ದು ಒಂದು, ಅವರು ಬರೆದದ್ದು ಇನ್ನೊಂದು ಆದದ್ದುಂಟು.

ಪ್ರಶ್ನೆ: ನಾವು ಕೇರಳದವರು, ನಮ್ಮ ಆಸ್ಪತ್ರೆ ಮಂಗಳೂರು. 2020ರಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಡಯಾಲಿಸಿಸ್‌ನ ರೋಗಿಯನ್ನು ಕೂರಿಸಿಕೊಂಡು ನಾನು ಆಟೋ ತಿರುಗಿಸಬೇಕಾಯಿತು. ನಮ್ಮ ಆರೋಗ್ಯ ಯಾವ ಸರಕಾರದ್ದು?
– ಆಟೋ ಚಾಲಕ, ಹೊಸಂಗಡಿ

ಉತ್ತರ: ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಗಳ ಪಟ್ಟಿಯಲ್ಲಿದೆ. ಹಾಗಾಗಿ ಮೊದಲ ಹೊಣೆ ಕೇರಳದ್ದೇ. ಜನರ ಆರೋಗ್ಯ ಸುಧಾರಿಸುವುದು ರಾಜ್ಯದ ಮೊದಲ ಕರ್ತವ್ಯಗಳಲ್ಲಿ ಒಂದು ಅಂತ 47ನೇ ವಿಧಿ. ಪರಿಸರ ಕಾಪಾಡಬೇಕು ಅಂತ 48ಎ ವಿಧಿ ಸೇರಿದ್ದು 1976ರ ತಿದ್ದುಪಡಿಯಲ್ಲಿ. ನಮ್ಮ ಗುಡ್ಡೆಗಳ ಮೇಲೆ ಹೆಲಿಕಾಪ್ಟರ್ ಹಾರಲು ಶುರುವಾದದ್ದೂ ಅದರ ಬೆನ್ನಿಗೇ, ನೋಡಿ.

ದಾರಿ ಮುಚ್ಚಿದ್ದು ತಪ್ಪು ಅಂತ 2020ರ ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ಹೇಳಿತು, ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಿ ಅಂತ ಕೇಂದ್ರಕ್ಕೆ ಆದೇಶ ಕೊಟ್ಟಿತು. ಅಷ್ಟರಲ್ಲಿ ಕೆಲವರು ತೀರಿಕೊಂಡಿದ್ದರು. ಕರ್ನಾಟಕದ ಮೇಲೆ ನನಗೂ ಸಿಟ್ಟಿದೆ, ಒಳದಾರಿಗೂ ಮಣ್ಣು ಸುರಿದವರು. ಆದರೆ ಅಣ್ಣಾ, ಅದಕ್ಕಿಂತ ಜಾಸ್ತಿ ಸಿಟ್ಟು ಈಚೆ ಕಡೆಗೆ. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಅಡಿಗಲ್ಲು ಹಾಕಿದ್ದು 2013ರಲ್ಲಿ. ಆರು ವರ್ಷ ಕಳೆದು, ಕೊರೊನಾ ಬಂದು ಬಾಗಿಲು ಬಡಿದ ಮೇಲೆ ಆ ಕಟ್ಟಡಕ್ಕೆ ಮಂಚ ಬಂತು. ಅದೇ ವರ್ಷ ಚಟ್ಟಂಚಾಲ್ ಹತ್ತಿರ ಟಾಟಾದವರು ಕೆಲವೇ ತಿಂಗಳಲ್ಲಿ ಆಸ್ಪತ್ರೆ ಎಬ್ಬಿಸಿ ಕೊಟ್ಟರು. ಆಗುವುದಿಲ್ಲ ಅಂತೇನಿಲ್ಲ, ಹಾಗಾದರೆ!

ಪ್ರಶ್ನೆ: ನಾನು ಅಡಿಕೆಗೆ ಬೋರ್ಡೋ ದ್ರಾವಣ ಬಿಡುತ್ತೇನೆ. "ಎಂಡೋ ವಿಷ ಅಂತ ಬೊಬ್ಬೆ ಹಾಕುವ ನೀನೇ ಮೈಲುತುತ್ತು ಬಿಡುತ್ತೀಯಲ್ಲ" ಅಂತ ಮಗ ತಮಾಷೆ ಮಾಡುತ್ತಾನೆ. ಎರಡೂ ಒಂದೇನಾ?
– ಕೃಷಿಕ, ಕುಂಬ್ಡಾಜೆ

ಉತ್ತರ: ಒಂದೇ ಅಲ್ಲ. ಬೋರ್ಡೋ ಅಂದರೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ನಮ್ಮ ಅಜ್ಜಂದಿರ ಕಾಲದಿಂದ ಬಂದದ್ದು. ಇದು ಎಂಡೋಸಲ್ಫಾನಿನ ಹಾಗೆ ನರಕ್ಕೆ ಹೊಡೆಯುವ ಮದ್ದು ಅಲ್ಲ. ಹಾಗಂತ ಮಗನ ಮಾತನ್ನು ಪೂರ್ತಿ ಬದಿಗಿಡಬೇಡಿ. ತಾಮ್ರ ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಾ ಹೋಗುತ್ತದೆ. ನೀರಿಗೆ ಇಳಿದರೆ ಮೀನಿಗೆ ಕಷ್ಟ. ಮದ್ದು ಬಿಡುವವನಿಗೆ ಕಣ್ಣಿಗೆ ಕನ್ನಡಕ, ಮೈತುಂಬ ಬಟ್ಟೆ ಕೊಡಿ. ಕೂಲಿಯವನು ಬೇಡ ಅಂದರೂ ಕೊಡಿ. ಡ್ರಮ್ ತೊಳೆದ ನೀರನ್ನು ತೋಡಿಗೆ ಬಿಡಬೇಡಿ, ತೋಟದ ಮೇಲಿನ ಬದಿಯಲ್ಲಿ ಗುಂಡಿ ತೋಡಿ ಅದಕ್ಕೆ ಹೊಯ್ಯಿರಿ. ನಿಮ್ಮಿಂದ ಕೆಳಗೆ ಇನ್ನೊಬ್ಬರು ಕಟ್ಟ ಹಾಕಿ ಅದೇ ನೀರು ನಿಲ್ಲಿಸಿಕೊಂಡಿರುತ್ತಾರೆ.