ಫಿಲ್ಟರ್ ಎರಡೇ ದಿನಕ್ಕೆ ಕಟ್ಟಿಕೊಳ್ಳೋದು ಯಾಕೆ?

ದಾವಣಗೆರೆಯಲ್ಲಿ 10×12 ಅಡಿ ಶೆಡ್ಡು, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಜ್ಜೋ ಕೆಲಸ, 12 ಇಂಚಿನ ಎಕ್ಸಾಸ್ಟ್ ಫ್ಯಾನಿಗೆ ಒಂದೇ ಫಿಲ್ಟರ್ ಜೋಡಿಸಿದೆ, ಎರಡೇ ದಿನಕ್ಕೆ ಗಾಳಿ ನಿಂತಿತು ಅಂದಿರಿ. ಫ್ಯಾನ್ ಕೆಟ್ಟಿಲ್ಲ ಸರ್. ಇಂಥ ಫ್ಯಾನಿಗೆ ಎಳೆಯೋ ಬಲ ಕಡಿಮೆ, ಫಿಲ್ಟರ್ ಅಗಲ ಹೆಚ್ಚಿದಷ್ಟೂ ಅದಕ್ಕೆ ಹಗುರ.

20×20 ಇಂಚಿನ, 2 ಇಂಚು ದಪ್ಪದ, ಮಡಿಕೆ ಇರೋ ಮರ್ವ್ 13 (ಮರ್ವ್ ಅಂದರೆ ಫಿಲ್ಟರ್ ಎಷ್ಟು ಸಣ್ಣ ಧೂಳು ಹಿಡಿಯುತ್ತೆ ಅನ್ನೋ ಅಳತೆ) ಫಿಲ್ಟರ್ ನಾಲ್ಕು ತಂದು ಡಬ್ಬಿಯ ನಾಲ್ಕು ಗೋಡೆ ಮಾಡಿ. ತಳಕ್ಕೆ ಪ್ಲೈವುಡ್, ಮೇಲಿನ ಪ್ಲೈವುಡ್‌ಗೆ ಫ್ಯಾನ್ ಅಳತೆಯ ತೂತು. ಫ್ಯಾನ್ ಮೇಲಕ್ಕೆ ಊದಬೇಕು, ಫಿಲ್ಟರಿನ ಬಾಣದ ಗುರುತು ಡಬ್ಬಿಯ ಒಳಮುಖ. ಇದನ್ನು ಉಲ್ಟಾ ಮಾಡೋರೇ ಜಾಸ್ತಿ. ಮೂಲೆಗಳಿಗೆ ಅಲ್ಯೂಮಿನಿಯಂ ಟೇಪ್ ಹಚ್ಚಿ, ಫ್ಯಾನ್ ಹಾಕಿ, ಊದುಬತ್ತಿಯನ್ನು ಸಂದಿಗೆ ಹಿಡಿಯಿರಿ. ಹೊಗೆ ಸರ್ರಂತ ಒಳಗೆ ಹೋದರೆ ಅಲ್ಲೇ ಸೋರಿಕೆ.

ಹೊರಗಡೆ ತೊಳೆಯೋ ಪಾಲಿಯೆಸ್ಟರ್ ಪ್ಯಾಡ್ ಒಂದು ಸುತ್ತು ಸುತ್ತಿ, ವಾರಕ್ಕೊಮ್ಮೆ ತೊಳೆದು ಪೂರ್ತಿ ಒಣಗಿಸಿ. ಶೆಡ್ಡು 10 ಅಡಿ ಎತ್ತರವಿದ್ದರೆ 1200 ಘನ ಅಡಿ. ಗಂಟೆಗೆ 8 ಸಲ ಸೋಸೋಕೆ ನಿಮಿಷಕ್ಕೆ 160 ಘನ ಅಡಿ ಸಾಕು.

ಮಂಡಕ್ಕಿ ಭಟ್ಟಿ ಹೊಗೆ ಬಂದರೆ ಈ ಡಬ್ಬಿ ಮಸಿ ಹಿಡಿಯುತ್ತೆ, ವಾಸನೆ ಹಿಡಿಯಲ್ಲ. ಥಿನ್ನರ್ ಹೊಡೆಯುವಾಗ ಮಾತ್ರ ಆನ್ ಮಾಡಲೇಬೇಡಿ: ಆವಿ ಸೋಸೋದಿಲ್ಲ, ಮೋಟಾರಿನ ಕಿಡಿಗೆ ಬೆಂಕಿ ಹೊತ್ತಬಹುದು. ಉಜ್ಜುವಾಗ ಮಾಸ್ಕ್ ಇರಲಿ, ಸ್ಯಾಂಡರ್ ಬಾಯಿಗೆ ವ್ಯಾಕ್ಯೂಮ್ ಇದ್ದರೆ ಫಿಲ್ಟರ್ ಬಾಳಿಕೆ ಬರುತ್ತೆ.