ಅಂಗಳದ ಮುಂಡಪ್ಪ ಮಾವು ಒಣಗುತ್ತಿದೆ

ಪ್ರಶ್ನೆ: ನಮ್ಮ ಅಂಗಳದ ಮುಂಡಪ್ಪ ಮಾವಿನ ಮರಕ್ಕೆ 15 ವರ್ಷ. ಮಳೆಗಾಲ ಮುಗಿದ ಮೇಲೆ ಒಂದು ಬದಿಯ ಗೆಲ್ಲುಗಳು ಒಣಗುತ್ತಿವೆ. ಎಲೆ ಕಂದಾಗಿದೆ, ಉದುರಿಲ್ಲ. ಗೊಬ್ಬರ ಹಾಕಿದರೂ ಚೇತರಿಸಿಲ್ಲ. ಕಡಿಯಬೇಕಾ?
– ಓದುಗರು, ಉಡುಪಿ

ಉತ್ತರ: ದಯವಿಟ್ಟು ಈಗಲೇ ಕಡಿಯಬೇಡಿ. 15 ವರ್ಷ ಸಾಕಿದ ಮರ ಅಲ್ವಾ? ಗೊಬ್ಬರ ಸದ್ಯ ನಿಲ್ಲಿಸಿ, ಸೋತ ಮರಕ್ಕೆ ಅದು ಹೊರೆ.

ಒಂದೇ ಬದಿ ಒಣಗುತ್ತಿದ್ದರೆ ನನ್ನ ಮೊದಲ ಅನುಮಾನ ಕಾಂಡ ಕೊರೆಯುವ ಹುಳದ ಮೇಲೆ. ಬುಡದ ಹತ್ತಿರ ಕೂತು ಕಾಂಡವನ್ನು ಸುತ್ತಲೂ ನೋಡಿ. ಗರಗಸದಿಂದ ಉದುರಿದಂತಹ ಹುಡಿ, ತೂತು, ಅಂಟು ಸೋರಿದ ಕಪ್ಪು ಗುರುತು ಕಂಡರೆ ಒಳಗೆ ಬೆರಳುದ್ದದ ಬಿಳಿ ಹುಳ ಕೂತು ಮರವನ್ನು ತಿನ್ನುತ್ತಿದೆ ಎಂದೇ ತಿಳಿಯಿರಿ. ಸೈಕಲ್ ಕಡ್ಡಿ ತೂರಿಸಿ ಚುಚ್ಚಿ ಕೊಲ್ಲಿ, ತೂತಿಗೆ ಜೇಡಿಮಣ್ಣು ಮೆತ್ತಿ.

ಆಮೇಲೆ ಒಣಗಿದ ಗೆಲ್ಲಿನ ತೊಗಟೆಯನ್ನು ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾಗಿದ್ದರೆ ಹಸಿರು ಸಿಗುವ ತನಕ ಕೆಳಗೆ ಬಂದು ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. 100 ಗ್ರಾಂ ಮೈಲುತುತ್ತು, 100 ಗ್ರಾಂ ಸುಣ್ಣ, ಎರಡನ್ನೂ ಅರ್ಧರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕಲಸಿ ಕೊನೆಗೆ ಸೇರಿಸಿದರೆ ಆಯಿತು. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ್ದು ಬೇಡ.

ತೂತು ಎಲ್ಲೂ ಇಲ್ಲವಾ? ಹಾಗಾದರೆ ಬೇರು ನೋಡಿ. ಅಂಗಳಕ್ಕೆ ಇಂಟರ್‌ಲಾಕ್ ಹಾಕುವಾಗ ಬುಡಕ್ಕೆ ಮಣ್ಣು ಏರಿಸಿದ್ದರೆ ನಮ್ಮ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ. ಆ ಮಣ್ಣು ತೆಗೆದು ನೀರು ಹರಿಯಲು ದಾರಿ ಮಾಡಿ. ಬೇರು ಕಪ್ಪಾಗಿ ವಾಸನೆ ಬರುತ್ತಿದ್ದರೆ ಒಂದು ತುಂಡನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ತೋರಿಸಿ.