ಪ್ರತಿಕ್ರಿಯೆ: ಲಾರಿಯಲ್ಲಿ ಬಂದ ಗಾಯಕನ ಡಾಕ್ಯುಮೆಂಟರಿ ಯಾವುದು?

ಯುದ್ಧದ ನಡುವೆ ಲಾರಿಯಲ್ಲಿ ಬಂದು ಹಾಡಿದ ಇಂಗ್ಲಿಷ್ ಗಾಯಕನ ಡಾಕ್ಯುಮೆಂಟರಿ ಯಾವುದು, ಹುಡುಕಿದರೆ ಯು2 ಚಿತ್ರವೇ ಬರುತ್ತದೆ ಅಂತ ಕೇಳಿದ್ದೀರಿ. ಅದು ‘ಸ್ಕ್ರೀಮ್ ಫಾರ್ ಮಿ ಸರಾಯೆವೊ’ ಇರಬೇಕು. ನೀವು ಹುಡುಕಿದಾಗಲೆಲ್ಲ ಐರ್ಲೆಂಡಿನ ರಾಕ್ ತಂಡ ಯು2ದ್ದೇ ಬರುವುದಕ್ಕೆ ಕಾರಣ ಬಹುಶಃ ಊರು ಒಂದೇ ಆಗಿರುವುದು. ಯು2 ಇರುವ ‘ಕಿಸ್ ದ ಫ್ಯೂಚರ್’ (2023) ಕೂಡ ಬೋಸ್ನಿಯಾದ ರಾಜಧಾನಿ ಸರಾಯೆವೊದ್ದೇ. ಆದರೆ ಯು2 ಅಲ್ಲಿ ಹಾಡಿದ್ದು 1997ರಲ್ಲಿ, ಬೋಸ್ನಿಯಾ ಯುದ್ಧ ಮುಗಿದ ಮೇಲೆ.

ಗುಂಡು ಹಾರುತ್ತಿದ್ದಾಗಲೇ ಲಾರಿಯಲ್ಲಿ ಬಂದ ಇಂಗ್ಲಿಷ್ ಗಾಯಕ ಅಂದಿರಲ್ಲ, ಅವರು ಬ್ರೂಸ್ ಡಿಕಿನ್ಸನ್. ಆಗ ಐರನ್ ಮೇಡನ್ ಅನ್ನುವ ಹೆವಿ ಮೆಟಲ್ ತಂಡ ಬಿಟ್ಟು ಬೇರೆ ತಂಡ ಕಟ್ಟಿಕೊಂಡಿದ್ದರು. 1994ರ ಡಿಸೆಂಬರ್‌ನಲ್ಲಿ ಸರಾಯೆವೊ ಪಕ್ಕದ ಇಗ್ಮನ್ ಬೆಟ್ಟ ದಾಟಿ, ಮುತ್ತಿಗೆಯಲ್ಲಿದ್ದ ಊರಿನೊಳಗೆ ಬಂದು ಹಾಡಿದರು. ಸರಾಯೆವೊಗೆ ಮುತ್ತಿಗೆ ಬಿದ್ದಿದ್ದು 1992ರಲ್ಲಿ, ತೆರವಾಗಿದ್ದು 1996ರಲ್ಲಿ. ಕರೆಂಟಿಲ್ಲ, ನೀರಿಲ್ಲ, ಆದರೂ ಅಲ್ಲಿನ ಹುಡುಗರು ಗಿಟಾರ್ ಬಿಡಲಿಲ್ಲ!

ಮೊದಲು ‘ಸ್ಕ್ರೀಮ್ ಫಾರ್ ಮಿ ಸರಾಯೆವೊ’ ಅಂತ ಇಂಗ್ಲಿಷಿನಲ್ಲಿ ಪೂರ್ತಿ ಹೆಸರು ಕೊಟ್ಟು ಹುಡುಕಿ. ಸಿಗದಿದ್ದರೆ ಜೊತೆಗೆ ನಿರ್ದೇಶಕ ತಾರಿಕ್ ಹೋಜಿಚ್ ಹೆಸರು ಸೇರಿಸಿ. ಸುಮ್ನೆ ‘ವಾರ್ ರಾಕ್’ ಅಂತ ಹಾಕಿದರೆ ಮತ್ತೆ ಯು2ಗೇ ಹೋಗಿ ನಿಲ್ಲುತ್ತೀರಿ, ನಾನೂ ಹಾಗೇ ಒಂದು ಸಂಜೆ ಕಳೆದಿದ್ದೇನೆ. ಟ್ರೇಲರ್ ನೋಡಿ. ಅದರಲ್ಲಿ ಡಿಕಿನ್ಸನ್ ಕಂಡರೆ ಅದೇ.

ಒಂದೇ ಅನುಮಾನ. ಪ್ರಾಕ್ಟೀಸ್ ಮಾಡುವ ಜಾಗ ಬಾಂಬಿಗೆ ನೆಲಸಮವಾಗಿ, ಹುಡುಗರು ಸಿರಿಯಾಗೆ ಓಡಿಹೋದ ದೃಶ್ಯವೂ ನೆನಪಿದೆ ಅಂದಿರಿ. ಅದು ಸರಾಯೆವೊ ಅಲ್ಲ, ಇರಾಕ್‌ನ ಅಕ್ರಾಸಿಕೌಡ ಅನ್ನುವ ಹೆವಿ ಮೆಟಲ್ ತಂಡದ ಕತೆ ಇರಬೇಕು. ಆ ಡಾಕ್ಯುಮೆಂಟರಿಯ ಹೆಸರು ‘ಹೆವಿ ಮೆಟಲ್ ಇನ್ ಬಾಗ್ದಾದ್’, 2007ರದ್ದು. ಎರಡೂ ನೋಡಿಬಿಡಿ, ಬಾಗ್ದಾದಿನದನ್ನು ಮೊದಲು.